ಆಕೆ ರಜಾ ಹಾಕಿದ ದಿನ

ತಪ್ಪು ಮಾಲು ಗೇಟು ದಾಟದಂತೆ ತಡೆಯೋರು ಯಾರು ಅಂತ ಕೇಳಿದ ತಕ್ಷಣ, ವಿಡಿಯೋ ಕಾಲ್‌ನಲ್ಲಿದ್ದ ಚೀನಾದವರು ಐದೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕುವೈತ್‌ನ ಒಂದು ಕಾಂಟ್ರಾಕ್ಟ್ ಕಂಪನಿಯಲ್ಲಿ ಸಪ್ಲೈಯರ್‌ಗಳನ್ನ ಪರೀಕ್ಷೆ ಮಾಡಿ ಮಾರ್ಕ್ಸ್ ಹಾಕೋದು ನನ್ನ ಕೆಲಸ. ಈ ಸಲದ್ದು ಸೇಫ್ಟಿ ವಾಲ್ವ್, ಒತ್ತಡ ಮೀರಿದಾಗ ಅದು ತೆರೆದುಕೊಳ್ಳದಿದ್ದರೆ ಪೈಪೇ ಸಿಡಿಯುತ್ತೆ. ಹೋಗೋದು ಇಲ್ಲಿನ ಮೀನಾ ಅಬ್ದುಲ್ಲಾ ಅನ್ನೋ ಊರಿಗೆ, ನಮ್ಮನೆಯವರು ಟೆಕ್ನಿಷಿಯನ್ ಆಗಿರೋ ಪ್ಲಾಂಟಿಗೇ.

ಅದಕ್ಕೇ ಪ್ರಶ್ನೆಯನ್ನ ಸ್ವಲ್ಪ ಗಟ್ಟಿಯಾಗಿ ಕೇಳಿದ್ದೆ.

ಚೀನಾದ ಆ ಕಂಪನಿ ಒಂದೇ, ಫ್ಯಾಕ್ಟರಿ ಎರಡು. ಅವತ್ತು ಕಾಲ್‌ನಲ್ಲಿದ್ದ ಉತ್ತರದ್ದು ಮೊದಲು ಸರ್ಕಾರದ್ದಂತೆ. ಒಂದು ಕಮಿಟಿ, ಅದನ್ನ ನೋಡಿಕೊಳ್ಳೋಕೆ ಇನ್ನೊಂದು ಕಮಿಟಿ, ಪಾರ್ಟಿಯ ಕಾರ್ಯದರ್ಶಿ ಒಬ್ಬರು, ಎಲ್ಲದಕ್ಕೂ ಕೆಂಪು ಸೀಲು. ಒಬ್ಬರ ಹೆಸರು ಹೇಳಿ ಅಂದರೆ ಮಾತ್ರ... ಪತ್ರ ಕಳಿಸ್ತೀವಿ ಅಂದರು.

ಪತ್ರ ಬಂತು. ಸೀಲಿತ್ತು, ಹೆಸರಿರಲಿಲ್ಲ.

ಮಾರನೇ ದಿನ ದಕ್ಷಿಣದ ಫ್ಯಾಕ್ಟರಿ. ಅದು ಒಂದು ಮನೆತನದವರು ಕಟ್ಟಿದ್ದು, ಕಂಪನಿಗೆ ಸೇರಿದ ಮೇಲೂ ಹಳೇ ಮಾಲೀಕರೇ ನಡೆಸೋದು. ಅವರು ಫೋನ್ ಹಿಡಿದುಕೊಂಡೇ ಒಳಗೆ ನಡೆದು, ಟೆಸ್ಟಿಂಗ್ ಬೆಂಚಿನ ಹತ್ತಿರ ನಿಂತಿದ್ದ ಒಬ್ಬ ಹೆಂಗಸನ್ನ ತೋರಿಸಿದರು. ಅವರ ಅತ್ತಿಗೆಯಂತೆ.

ಆಕೆ ಬೇಡ ಅಂದರೆ ಖಲಾಸ್. ಹೋದ ತಿಂಗಳು ತುಂಬಿ ನಿಂತಿದ್ದ ಕಂಟೇನರಿನ ಮಾಲನ್ನೆಲ್ಲ ವಾಪಸ್ ಇಳಿಸಿಬಿಟ್ಟರಂತೆ. ಇದಕ್ಕೆ ಕಾಗದ ಎಲ್ಲಿದೆ ಅಂದೆ. ಮಾಲೀಕರು ನಕ್ಕು ಮತ್ತೆ ಅತ್ತಿಗೆಯನ್ನೇ ತೋರಿಸಿದರು.

ಒಂದೇ ದೇಶ, ಒಂದೇ ಲೆಟರ್‌ಹೆಡ್. ನನಗಂತೂ ತಲೆಬುಡ ಅರ್ಥ ಆಗಲಿಲ್ಲ.

ನಮ್ಮ ಫಾರ್ಮಿನಲ್ಲಿ ಮಾರ್ಕ್ಸ್ ಇರೋದು ಕಾಗದಕ್ಕೆ. ಅತ್ತಿಗೆಗೆ ಕಾಲಮ್ಮೇ ಇಲ್ಲ. ಹಾಗಾಗಿ ಗೆಲ್ಲೋದು ಉತ್ತರದವರು.

ಸಂಜೆ ರೊಟ್ಟಿ ಬಡಿಯುತ್ತಾ ನಮ್ಮನೆಯವರನ್ನ ಕೇಳಿದೆ, ನೀವಾದರೆ ಯಾವ ಫ್ಯಾಕ್ಟರಿ ವಾಲ್ವ್ ಪಕ್ಕ ಧೈರ್ಯವಾಗಿ ನಿಲ್ತೀರಿ ಅಂತ.

“ಆಕಿ ನೋಡಿ ಕಳಿಸಿದ್ದರ ಬಾಜೂಕ ನಿಲ್ತೀನಿ,” ಅಂದರು. ಒಂದು ರೊಟ್ಟಿ ತಟ್ಟೆಗೆ ಹಾಕಿಕೊಂಡು, “ಆದ್ರ ಆಕಿ ರಜಾ ಹಾಕಿದ ದಿನಾ ಯಾರು ನೋಡ್ತಾರ?”

ಇದ್ದ ಚೂರು ಧೈರ್ಯವೂ ಹೋಯಿತು.

ಭಾನುವಾರ ಇಲ್ಲಿ ಕೆಲಸದ ದಿನ, ಅವತ್ತು ನಾನು ಆ ಫಾರ್ಮಿಗೆ ಸಹಿ ಹಾಕಬೇಕಿತ್ತು. ನಮ್ಮ ಈಜಿಪ್ಟ್ ಮ್ಯಾನೇಜರ್ ಆಗಲೇ ಎರಡು ಸಲ ಯಲ್ಲಾ ಯಲ್ಲಾ, ಬೇಗ ಮುಗಿಸು ಅಂದಿದ್ದರು. ನಾನು ತಲೆನೋವು ಅಂತ ಮೆಸೇಜ್ ಹಾಕಿ ಮನೆಯಲ್ಲೇ ಉಳಿದೆ.

ಸುಳ್ಳೇನಲ್ಲ, ತಲೆ ನಿಜಕ್ಕೂ ನೋಯುತ್ತಿತ್ತು. ಒಂದು ದಿನ ಸಿಕ್ಕರೆ ಯೋಚನೆ ಮಾಡಬಹುದು ಅಂದುಕೊಂಡೆ, ಅಷ್ಟೇ.

ಸೋಮವಾರ ಹೋಗಿ ನೋಡಿದರೆ ಮೇಜಿನ ಮೇಲೆ ಫೈಲಿಲ್ಲ. ಕಂಪ್ಯೂಟರಿನಲ್ಲಿ ಅದರ ಸ್ಕ್ಯಾನ್ ತೆಗೆದು ನೋಡಿದೆ, ಉತ್ತರದ ಫ್ಯಾಕ್ಟರಿ ಅಪ್ರೂವ್ ಆಗಿದೆ. ನಾನು ಸಹಿ ಹಾಕಬೇಕಾದ ಜಾಗದಲ್ಲಿ ನಮ್ಮ ಡಿಪಾರ್ಟ್‌ಮೆಂಟಿನ ಸೀಲು. ಹೆಸರಿಲ್ಲ.

ಯಾರು ಒತ್ತಿದ್ದು ಅಂತ ಕೇಳಿದರೆ, ಆಫೀಸಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ವಾಲ್ವ್ ಚೆನ್ನಾಗಿಯೇ ಇರಬಹುದು. ಗೊತ್ತಿಲ್ಲ. ನಮ್ಮನೆಯವರು ಇವತ್ತೂ ಟಿಫಿನ್ ಬಾಕ್ಸ್ ಹಿಡಿದು ಪ್ಲಾಂಟಿಗೆ ಹೋದರು, ಅವರಿಗೆ ಇನ್ನೂ ಹೇಳಿಲ್ಲ.

ಅವತ್ತು ನಾನು ಆಫೀಸಿಗೆ ಹೋಗಿದ್ದರೆ ಬೇಡ ಅಂತಿದ್ದೆನಾ... ನೀವಾಗಿದ್ದರೆ ಅಂತಿದ್ದಿರಾ?