ವಾಟ್ನಿ ಗ್ವಾಡಿಯೂ ರಾವಸಾಬನ ಪ್ರಮಾಣಪತ್ರವೂ

ಚಿಕ್ಕೋಡಿಯ ನಮ್ಮ ಓಣಿಯ ತಿರುವಿನಲ್ಲಿ ರಾವಸಾಬ ಗೌಂಡಿಯ ಅಂಗಡಿಯಿದೆ. ಹೊರಗೆ ‘ಹಳೆ ಮನೆ ಹೊಸದು ಮಾಡಿಕೊಡಲಾಗುವುದು’ ಎಂಬ ಬೋರ್ಡು. ಒಳಗೆ, ಕುರ್ಚಿಯ ಹಿಂದಿನ ಗೋಡೆಯ ಮೇಲೆ, ಗಾಜು ಹಾಕಿಸಿ ತೂಗುಬಿಟ್ಟ ಒಂದು ಪ್ರಮಾಣಪತ್ರ. ಅದು ಬೆರಳಷ್ಟು ಎಡಕ್ಕೆ ವಾಲಿದೆ. ಮೂವತ್ತು ವರ್ಷ ಊರ ಮಂದಿಯ ಗೋಡೆಗಳನ್ನು ನೂಲು ಹಿಡಿದು ನೆಟ್ಟಗೆ ನಿಲ್ಲಿಸಿದವನಿಗೆ ತನ್ನ ಹೆಸರಿನ ಒಂದು ಹಾಳೆಯನ್ನು ನೆಟ್ಟಗೆ ನಿಲ್ಲಿಸಲು ಬರಲಿಲ್ಲವೇ ಎಂದು ನೀವು ನಗಬಹುದು, ನಾನಂತೂ ನಕ್ಕೆ. “ಏನ ಮಾಡ್ಲಿರಿ ಮಾಸ್ತರ್ರ, ಮೊಳಿ ಬಡಿಯೂ ಮುಂದ ಕೈ ನಡಗಿ ಹೋತ್ರಿ” ಎಂದ. ಐವತ್ತು ದಾಟಿದ ಆಳು ಹಾಗೆ ನಾಚಿಕೊಂಡದ್ದನ್ನು ನಾನು ಮೊದಲ ಸಲ ನೋಡಿದೆ.

ನಿಜ ಹೇಳುತ್ತೇನೆ, ಗೆಳೆಯರೇ, ಈ ಸರ್ಟಿಫಿಕೇಟುಗಳ ಮೇಲೆ ನನಗೆ ಮೊದಲಿನಿಂದಲೂ ಭಕ್ತಿ ಕಡಿಮೆ, ಯಾಕೆಂದರೆ ಅವನ್ನು ಬರೆದು ಕೊಟ್ಟವನೇ ನಾನು. ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾಗಿದ್ದಷ್ಟು ಕಾಲ, ಶಾಲೆ ಬಿಟ್ಟು ಹೋಗುವ ಪ್ರತಿಯೊಬ್ಬನಿಗೂ ‘ನಡತೆ ಉತ್ತಮವಾಗಿದೆ’ ಎಂದು ಒಂದೇ ಕೈಬರಹದಲ್ಲಿ ಬರೆದೆ. ಹಿಂದಿನ ಸಂಜೆಯಷ್ಟೇ ನನ್ನ ಸೈಕಲ್ಲಿನ ಗಾಳಿ ಬಿಟ್ಟವನಿಗೂ ಬರೆದೆ. ಈಗ ನಿವೃತ್ತನಾದ ಮೇಲೆ ಪ್ರತಿವರ್ಷ ಹೋಗಿ ನಾನು ಬದುಕಿದ್ದೇನೆಂದು ಒಂದು ಕಾಗದ ಕೊಡಬೇಕು. ಎದುರಿಗೆ ಉಸಿರಾಡುತ್ತ, ಕೆಮ್ಮುತ್ತ ನಿಂತವನನ್ನು ಬಿಟ್ಟು ಹಾಳೆಯನ್ನು ನಂಬುವ ಲೋಕವನ್ನು ಕಂಡು ಹೊಟ್ಟೆ ಉರಿಯದೆ ಇರುತ್ತದೆಯೇ?

ಆದ್ದರಿಂದ ರಾವಸಾಬ ಒಂದು ದಿನ ಮುಖ ಸಣ್ಣದು ಮಾಡಿಕೊಂಡು ನಮ್ಮ ಕಟ್ಟೆಗೆ ಬಂದು ಕುಳಿತಾಗ ನಾನು ಅವನ ಪಕ್ಷವನ್ನೇ ವಹಿಸಿದೆ. ರಾಯಬಾಗದಲ್ಲಿ ಒಬ್ಬ ನೌಕರದಾರರ ಅಡುಗೆಮನೆ ಬದಲಿಸುವ ಕೆಲಸ ಕೇಳಲು ಹೋಗಿದ್ದನಂತೆ. ಅವರು ಚಹಾ ಕೊಟ್ಟು, ಬಲು ಮರ್ಯಾದೆಯಿಂದಲೇ “ನಿಮ್ಮ ಕಡೆ ಸರ್ಟಿಫಿಕೇಟ ಐತೇನ್ರಿ?” ಎಂದರಂತೆ. “ನಮ್ಮಪ್ಪನ ಕೈಯಾಗ ಕಲ್ತೇನ್ರಿ ಅಂದೆ. ಅದು ಗೊತ್ತಾತ್ರಿ, ಕಾಗದಾ ಐತೇನು ಅಂದ್ರು” ಎಂದು ಹೇಳಿದ. ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬಂತು. ಆದರೂ ಕಟ್ಟಡ ಕೆಲಸದ ತರಬೇತಿಗೆ ಅವನ ಅರ್ಜಿ ತುಂಬಿ ಕೊಟ್ಟೆ. ರಾವಸಾಬ ಹಲವು ರವಿವಾರ ಬೆಳಗಾವಿ ಬಸ್ಸು ಹತ್ತಿ ತರಬೇತಿಗೆ ಹೋದ. ಗಾರೆ ಮೆತ್ತುವ ಥಾಪಿ ಬಿಟ್ಟು ಪೆನ್ನು ಹಿಡಿದ. ಪರೀಕ್ಷೆ ಬರೆದು, ಪಾಸಾಗಿ ಬಂದ. ಓಣಿಗೆಲ್ಲ ಪೇಢೆ ಹಂಚಿದ. ನಾನು ಪೇಢೆ ತಿಂದೆ, ಕಾಗದವನ್ನು ಮಾತ್ರ ಮನಸ್ಸಿನಲ್ಲಿ ಒಪ್ಪಲಿಲ್ಲ.

ಇಲ್ಲಿ ನಮ್ಮ ಮನೆಯ ಸಂಗತಿಯೊಂದನ್ನು ಹೇಳಬೇಕು. ನಮ್ಮ ಸೀಮೆಯಲ್ಲಿ ಅಣ್ಣತಮ್ಮಂದಿರು ಪಾಲಾಗುವುದಕ್ಕೆ ವಾಟ್ನಿ ಎನ್ನುತ್ತಾರೆ. ಪಾಲಾದವರು ಹಳೆಯ ಪಡಸಾಲೆಯ ನಡುವೆ ಎಬ್ಬಿಸುವ ಗೋಡೆಯೇ ವಾಟ್ನಿ ಗ್ವಾಡಿ. ನಮ್ಮಪ್ಪ ಮತ್ತು ಅವರ ತಮ್ಮನಾದ ಕಾಕಾ ಅಂಥದೊಂದನ್ನು ಎಬ್ಬಿಸಿದರು. ನಾನಾಗ ಅಥಣಿಯ ಶಾಲೆಯಲ್ಲಿ ಮಾಸ್ತರನಾಗಿದ್ದೆ. ರಜೆಗೆ ಬಂದಾಗ ಪಡಸಾಲೆ ಅರ್ಧವಾಗಿತ್ತು. ಅವರಿಬ್ಬರೂ ತೀರಿಕೊಂಡರು, ಅವರ ಸಿಟ್ಟೂ ಅವರೊಡನೆ ಹೋಯಿತು, ಗೋಡೆ ಉಳಿಯಿತು. ಆಚೆ ಕಡೆ ಕಾಕಾನ ಹೆಂಡತಿ ಕಾಕು, ಅವಳ ಮಗ ಅಪ್ಪಾಸಾಬ, ಅವನ ಸಂಸಾರ. ಈಚೆ ಕಡೆ ನಾವು. ಹೋಳಿಗೆ ಮಾಡಿದರೂ ಚಪ್ಪಲಿ ಮೆಟ್ಟಿಕೊಂಡು, ಬೀದಿಗಿಳಿದು, ಸುತ್ತು ಹಾಕಿ ಒಬ್ಬರ ಮನೆಗೆ ಒಬ್ಬರು ಒಯ್ದು ಕೊಡಬೇಕು. ಕಾಕುವಿನ ಮೊಣಕಾಲು ಹಿಡಿದ ಮೇಲೆ ಅವಳು ಬರುವುದೂ ನಿಂತಿತು.

ಹೀಗಿರುವಾಗ ಅಪ್ಪಾಸಾಬನ ಮಗಳಿಗೆ ಗಂಡು ಗೊತ್ತಾಯಿತು, ಸಾಖರಪುಡಾ ಎಂದು ನಾವು ಕರೆಯುವ ನಿಶ್ಚಿತಾರ್ಥಕ್ಕೆ ದಿನ ಕೂಡಿಬಂತು, ನಡುವೆ ಎರಡೇ ವಾರ. ಕಾಕು ಒಂದೇ ಹಟ ಹಿಡಿದಳು: “ನನ್ನ ಮೊಮ್ಮಗಳ ಸಾಖರಪುಡಾ ಅರ್ಧ ಪಡಸಾಲ್ಯಾಗ ಆಗಬಾರ್ದು. ನಾ ಈ ಮನಿಗೆ ಸೊಸಿ ಆಗಿ ಬಂದಾಗ ಎಷ್ಟಿತ್ತೋ ಅಷ್ಟ ಪಡಸಾಲಿ ನನಗ ಬೇಕು.” ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು, ಮದುವೆಗಾಗಿ ಮನೆ ಒಡೆದು ನೋಡು ಎಂದು ಯಾಕೆ ಹೇಳಲಿಲ್ಲವೋ! ಆದರೆ ನಮಗಾರಿಗೂ ಅಂಜಿಕೆ ಇರಲಿಲ್ಲ. ವಾಟ್ನಿ ಗ್ವಾಡಿ ಏನನ್ನೂ ಹೊರುವುದಿಲ್ಲ, ಮನೆ ಕಟ್ಟಿ ಎಷ್ಟೋ ವರ್ಷದ ಮೇಲೆ ಜಗಳಕ್ಕಾಗಿ ಎಬ್ಬಿಸಿದ್ದು, ರಾಜಿಯಾದರೆ ಒಂದು ಬೆಳಗಿನಲ್ಲಿ ಕೆಡವಬಹುದು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು. ಗೌಂಡಿಗಳೂ ಹಾಗೆಯೇ ಹೇಳುತ್ತಾರೆ, ಹಾಗೆಯೇ ಕೆಡವುತ್ತಾರೆ.

ರಾವಸಾಬ ಕಾಕುವಿನ ಕಡೆಯ ಪಡಸಾಲೆಗೆ ಬಂದ. ನಾವು ಸುತ್ತಿಗೆಯ ಸದ್ದಿಗೆ ಕಾದೆವು. ಅವನು ಸುತ್ತಿಗೆ ಎತ್ತಲಿಲ್ಲ. ಗೋಡೆಯ ಉದ್ದಕ್ಕೂ ಮೂರು ಸಲ ಅಡ್ಡಾಡಿದ, ಮೇಲೆ ನೋಡಿದ, ಬೆರಳಿನಿಂದ ಬಡಿದ.

“ಇದನ್ನ ಈಗ ತಗಿಯಾಕ ಬರೂದಿಲ್ರಿ” ಎಂದ.

ಅಪ್ಪಾಸಾಬ ಕಿಡಿಕಿಡಿಯಾದ. “ಏ ರಾವಸಾಬ, ಸರ್ಟಿಫಿಕೇಟ ಬಂದ ಮ್ಯಾಲ ಪುಕ್ಕಲ ಆದಿ ನೋಡ! ನಿಪ್ಪಾಣಿಯಿಂದ ಬ್ಯಾರೆ ಗೌಂಡಿನ್ನ ಕರಸ್ತೇನಿ, ಒಂದ ದಿನದಾಗ ಕೆಡವತಾನ.”

“ಕರಸ್ರಿ ಅಣ್ಣಾರ. ಆದ್ರ ಮದಲ ನನಗ ಒಂದ ತಾಸ ಕೊಡ್ರಿ.”

ನಾನೂ ಒಳಗೊಳಗೇ ಅಪ್ಪಾಸಾಬನ ಕಡೆಗೇ ಇದ್ದೆ. ನೋಡಿದಿರಾ, ಒಳ್ಳೆಯ ಕೆಲಸಗಾರನನ್ನು ಒಂದು ಹಾಳೆ ಹೇಗೆ ಕೆಡಿಸಿತು ಎಂದುಕೊಂಡೆ. ರಾವಸಾಬ ಏಣಿ ಹಾಕಿದ. ಗೋಡೆ ಚಾವಣಿಗೆ ತಾಗುವಲ್ಲಿ ಗೇಣಗಲ ಗಾರೆಯನ್ನು ಉಳಿಯಿಂದ ಮೆಲ್ಲಗೆ ಬಿಡಿಸಿದ. ನನ್ನನ್ನು ಕರೆದು ತೋರಿಸಿದ. ಚಾವಣಿಯ ಜಂತಿಗಳನ್ನೆಲ್ಲ ಹೊತ್ತ ದೊಡ್ಡ ತೊಲೆ ಒಂದೇ ಉದ್ದದ್ದಲ್ಲ, ಎರಡು ತುಂಡು. ಆ ಎರಡರ ತುದಿಗಳೂ ಬಂದು ಕೂಡಿದ್ದು ಅಲ್ಲಿಯೇ, ನಾಲ್ಕು ನಾಲ್ಕು ಬೆರಳು ಆ ಗೋಡೆಯ ತಲೆಯ ಮೇಲೆ ಕುಳಿತಿದ್ದವು. ಗೋಡೆ ಹೋದರೆ ತೊಲೆಗೆ ಗಾಳಿಯೇ ಗತಿ.

ರಾವಸಾಬ ಏಣಿಯಿಂದಿಳಿದು ನೆಲ ನೋಡುತ್ತ ನಿಂತ. “ಇದನ್ನ ಮಾಡಿದಾಂವ ನಾನರಿ. ಈ ತೊಲಿ ಕೆಳಗ ಒಂದ ಸಾಗವಾನಿ ಕಂಬ ಇತ್ತು. ವಾಟ್ನಿ ಗೆರಿ ಕಂಬದ ಮ್ಯಾಲ ಬಂತು. ಕಂಬ ನಂದು, ನಂದು ಅಂತ ಇಬ್ಬರೂ ಹಿರ್ಯಾರು ಮೂರ ದಿನಾ ಊಟಾ ಬಿಟ್ರು. ಕಡೀಕ ಕಂಬಾ ಕಿತ್ತಿ, ಉದ್ದಕ ಕೊಯ್ಸಿ, ಅರ್ಧರ್ಧ ಹಂಚಿದ್ರು. ನಾ ಆ ಜಾಗಾದಾಗ ಗ್ವಾಡಿ ಏರಿಸಿ ತೊಲಿ ಕುಂದ್ರಿಸಿದೆ. ಹುಡುಗ ಬುದ್ಧಿ. ಆಮ್ಯಾಲ ನಾನೂ ಮರತೆ. ಅಲ್ಲಿ ಬೆಳಗಾವ್ಯಾಗ ಕಲಿಸಿದ್ರು, ಯಾವ ಗ್ವಾಡಿನೂ ಮುಟ್ಟೂಕಿಂತ ಮದಲ ನಿನ್ನ ತಲಿ ಮ್ಯಾಲ ಏನೈತಿ ಅಂತ ಅದನ್ನ ಕೇಳಬೇಕಂತ. ಇಲ್ಲಿ ನಿಂತ ಕೇಳಿದೆ, ಕಂಬ ನೆಪ್ಪಾತು.”

ಅವನು ಸುಮ್ಮನಿರಬಹುದಿತ್ತು. ‘ಹಳೆ ಗೋಡೆ, ಜೋಖಮಿ’ ಎಂದಷ್ಟೇ ಹೇಳಿ ಹೋಗಬಹುದಿತ್ತು. ಆ ಕಂಬ ಏನಾಯಿತೆಂದು ನಾನೂ ಎಂದೂ ಕೇಳಿರಲಿಲ್ಲ, ಅದರ ಕಥೆ ಬಲ್ಲವರು ಬಹಳ ಮಂದಿ ಉಳಿದಿರಲಿಲ್ಲ. ಪ್ರಮಾಣ ಎಂಬ ಮಾತಿಗೆ ಅಳತೆ ಎಂದೂ ಅರ್ಥ, ಸಾಕ್ಷಿ ಎಂದೂ ಅರ್ಥ, ದೇವರ ಮುಂದೆ ಮಾಡುವ ಆಣೆ ಎಂದೂ ಅರ್ಥ. ಈ ನಾನಾರ್ಥಗಳನ್ನು ವರ್ಷಗಟ್ಟಲೆ ಮಕ್ಕಳಿಗೆ ಬಾಯಿಪಾಠ ಮಾಡಿಸಿದ ನನಗೆ, ಮೂರೂ ಒಬ್ಬ ಮನುಷ್ಯನಲ್ಲಿ ಕೂಡಿ ಬರುವುದುಂಟೆಂದು ಆ ಏಣಿಯ ಬುಡದಲ್ಲಿ ತಿಳಿಯಿತು. ರಾವಸಾಬನಿಗೆ ಕೈಯಲ್ಲಿ ಕೊರತೆ ಎಂದೂ ಇರಲಿಲ್ಲ. ‘ಯಾಕೆ’ ಎಂದು ಕೇಳುವ ಅಭ್ಯಾಸವನ್ನು ಅವನಿಗೆ ಮೂವತ್ತು ವರ್ಷದಲ್ಲಿ ಯಾರೂ ಕಲಿಸಿರಲಿಲ್ಲ. ನಾನು ಸರ್ಟಿಫಿಕೇಟು ಬರೆದದ್ದು ಕಣ್ಣು ಮುಚ್ಚಿಕೊಂಡು. ಅವನು ಪಡೆದದ್ದು ಕಣ್ಣು ತೆರೆದು. ನನಗೆ ನಾಚಿಕೆಯಾಯಿತು, ಅವನ ಮೇಲೆ ಅಕ್ಕರೆ ಉಕ್ಕಿತು.

ಗದ್ದಲಕ್ಕೆ ಕಾಕು ಗೋಡೆ ಹಿಡಿದು ಬಂದು ನಿಂತಿದ್ದಳು. ಎಲ್ಲ ಕೇಳಿದಳು. ಅಪ್ಪಾಸಾಬ ಇನ್ನೂ ಬಾಯಿ ತೆರೆಯುವಷ್ಟರಲ್ಲಿ, “ಅಂವಗ್ಯಾಕ ಬೈತಿ? ಗೆರಿ ಹಾಕಿದಾವ್ರು ನಾವು. ಅಂವ ಬರೇ ಕಲ್ಲ ಇಟ್ಟಾಂವ” ಎಂದಳು. ಆಮೇಲೆ ಮೆಲ್ಲಗೆ, “ಹಂಗಾರ ಪಡಸಾಲಿ ಕೂಡೂದಿಲ್ಲೇನಪಾ?” ಎಂದು ಕೇಳಿದಳು.

ರಾವಸಾಬ ಮರುದಿನ ಒಬ್ಬ ಇಂಜಿನಿಯರರನ್ನು ಕರೆತಂದ. ಇಡೀ ಗೋಡೆ ತೆಗೆಯಲು ಕಬ್ಬಿಣದ ತೊಲೆ ಬೇಕು, ಅದು ಮದುವೆಯ ನಂತರದ ಮಾತು. ಆದರೆ ತೊಲೆ ಕೂಡಿದ ಜಾಗ ಬಿಟ್ಟು, ಮೂಲೆಯ ಕಡೆ ಒಂದು ಬಾಗಿಲಿನಷ್ಟು ಬಿಡಿಸಬಹುದು ಎಂದಾಯಿತು. ಅವನು ಚಾವಣಿಗೆ ಆಸರೆಯಾಗಿ ಊರುಗಂಬ ಕೊಟ್ಟು, ಒಂದೊಂದೇ ಕಲ್ಲನ್ನು ಕೈಯಿಂದ ಬಿಡಿಸಿದ. ಕಂಡಿಯ ಮೇಲೆ ಅಡ್ಡಲಾಗಿ ಗಟ್ಟಿ ಹಾಸುಗಲ್ಲು ಕೂರಿಸಿದ. ಸಾಖರಪುಡಾಕ್ಕೆ ಎರಡು ದಿನ ಮೊದಲು ಕಾಕು ಚಪ್ಪಲಿಯಿಲ್ಲದ ಕಾಲಲ್ಲಿ ನಮ್ಮ ಪಡಸಾಲೆಗೆ ನೇರವಾಗಿ ಬಂದಳು. ನನ್ನ ಹೆಂಡತಿ ಅತ್ತಳು. ಅತ್ತದ್ದು ಅವಳೊಬ್ಬಳೇ ಅಲ್ಲ.

ರಾವಸಾಬ ಟೇಪು ಹಿಡಿದು ಅಳತೆ ತೆಗೆಯುತ್ತ, “ಬಾಗಲಾ ಹಚ್ಚಬೇಕಲ್ರಿ ಕಾಕು. ಚಿಲಕಾ ಯಾವ ಕಡೆ ಇರ್ಲಿ, ನಿಮ್ಮ ಕಡೇಕೋ, ಮಾಸ್ತರ ಕಡೇಕೋ?” ಎಂದು ಕೇಳಿದ.

ಕಾಕು ಅವನ ಕೈಯ ಟೇಪನ್ನು ಕಸಿದುಕೊಂಡಳು. “ಇಲ್ಲಿ ಬಾಗಲಾ ಹಚ್ಚಿ ನೋಡ ಮಗನ, ನಿನ್ನ ಸರ್ಟಿಫಿಕೇಟ ಹರದ ಒಲಿಗೆ ಹಾಕ್ತೇನಿ!”