ಮಿರಜ ಬಸ್ಸಿನ ಸೊಸೆಯರು

ಅಥಣಿಯಿಂದ ಮಿರಜಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ನಾವು ಮೂವರು ಹೆಂಗಸರು ದಿನಾ ಕಾಗವಾಡಕ್ಕೆ ಹೋಗಿಬರುತ್ತಿದ್ದೆವು. ನಾನು ಅಲ್ಲಿಯ ಒಂದು ಪತ್ತಿನ ಸೊಸೈಟಿಯಲ್ಲಿ ಕ್ಲರ್ಕು. ಇನ್ನೊಬ್ಬರು ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು, ನನಗಿಂತ ಹಿರಿಯರು. ನಮ್ಮ ಕಡೆ ಟೀಚರಿಗೆ ಅನ್ನುವ ಹಾಗೆ ಅವರನ್ನು ಅಕ್ಕೋರು ಅನ್ನುತ್ತಿದ್ದೆವು. ಮೂರನೆಯವಳು ಅರ್ಧ ಹಾದಿಯ ಒಂದು ಹಳ್ಳಿಯಲ್ಲಿ ಹತ್ತುತ್ತಿದ್ದಳು. ಕಾಲೇಜೊಂದರ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂಡುವ ಕೆಲಸ ಅವಳದು. ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವಳು ಅಂತ ಸಣ್ಣಾಕಿ ಎಂದೇ ಕರೆಯುತ್ತಿದ್ದೆವು.

ಸಣ್ಣಾಕಿಗೆ ಇಬ್ಬರು ಹೆಣ್ಣುಮಕ್ಕಳು. ಆ ಬೇಸಿಗೆಯಲ್ಲಿ ಮೂರನೆಯದಕ್ಕೆ ಬಸುರಿಯಾಗಿದ್ದಳು. ಹೊಟ್ಟೆ ಇನ್ನೂ ಕಾಣಿಸುತ್ತಿರಲಿಲ್ಲ, ನಮ್ಮಿಬ್ಬರಿಗೆ ಮಾತ್ರ ಹೇಳಿದ್ದಳು. "ಈ ಸಲ ಗಂಡಾಗ್ಲಿಲ್ಲಂದ್ರ ನಮ್ಮತ್ತಿ ನನ್ನ ತವರಿಗೆ ಅಟ್ಟತಾಳ್ರೀ" ಎಂದು ನಗುತ್ತಲೇ ಅಂದಿದ್ದಳು. ಆ ನಗು ನನಗೆ ಸರಿಬರಲಿಲ್ಲ. ನಿನ್ನ ಅತ್ತೆಯೇನು ಗಂಡಾಗಿ ಹುಟ್ಟಿದ್ದಳೇ ಎಂದು ಬೈದಿದ್ದೆ.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಆ ಗಾಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಆದರೂ ಡ್ರೈವರನ ಹಿಂದಿನ ಸೀಟು ಒಬ್ಬಾಕೆಗೆ ಹೇಗೋ ಸಿಕ್ಕೇಸಿಗುತ್ತಿತ್ತು. ಐವತ್ತು ದಾಟಿದ ಹೆಂಗಸು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಕೈಯಲ್ಲಿ ಒಂದು ಸ್ಟೀಲಿನ ಡಬ್ಬಿ. ಕನ್ನಡದವರೊಡನೆ ಕನ್ನಡ, ಮರಾಠಿಯವರೊಡನೆ ಮರಾಠಿ. ಯಾವ ಊರಿನವಳು ಅಂತ ಯಾರಿಗೂ ತಿಳಿಯದು. ಒಮ್ಮೆ ಅಥಣಿಯಲ್ಲಿ ಹತ್ತಿದರೆ ಇನ್ನೊಮ್ಮೆ ನಡುವೆ ಎಲ್ಲೋ ಕೈಮಾಡಿ ಬಸ್ಸು ನಿಲ್ಲಿಸುತ್ತಿದ್ದಳು. ಚಿಕ್ಕೋಡಿ, ರಾಯಬಾಗ ಕಡೆಯ ಬಸ್ಸುಗಳಲ್ಲೂ ಆಕೆಯನ್ನು ನೋಡಿದ್ದೇನೆಂದು ಕಂಡಕ್ಟರ್ ಒಮ್ಮೆ ಹೇಳಿದ್ದ. ನಾವು ಆಕೆಗೆ, ಮರಾಠಿಯಲ್ಲಿ ಚಿಕ್ಕಮ್ಮನಿಗೆ ಅನ್ನುವ ಹಾಗೆ, ಮಾವಶಿ ಎಂದು ಹೆಸರಿಟ್ಟಿದ್ದೆವು.

ಮಾವಶಿ ಒಬ್ಬಳೇ ಬರುತ್ತಿರಲಿಲ್ಲ. ಪಕ್ಕದಲ್ಲಿ ಯಾವಾಗಲೂ ಒಬ್ಬ ಹರೆಯದ ಹೆಣ್ಣುಮಗಳು ಇರುತ್ತಿದ್ದಳು. ಕಂಡಕ್ಟರ್ ಬಂದರೆ ಮಾವಶಿ ಇಬ್ಬರ ಆಧಾರ್ ಕಾರ್ಡನ್ನೂ ತಾನೇ ಮುಂದೆ ಹಿಡಿದು "ನನ್ನ ಸೊಸಿ ಆಗಬೇಕ್ರೀ" ಅನ್ನುವಳು. ಮೊದಲು ನಮಗೇನೂ ಅನ್ನಿಸಲಿಲ್ಲ. ಆಮೇಲೆ ಗಮನಿಸಿದರೆ ಪ್ರತಿಸಲವೂ ಸೊಸೆ ಬೇರೆ! ಒಮ್ಮೆ ಕಪ್ಪಗೆ ಎತ್ತರದವಳು, ಒಮ್ಮೆ ಕನ್ನಡಕದವಳು, ಒಮ್ಮೆ ಕೈತುಂಬ ಹಸಿರು ಬಳೆ ತೊಟ್ಟು ಉಗುರು ಕಚ್ಚುತ್ತ ಕೂತವಳು.

"ಬಸ್ಸಿನ ಕೂಡ ಸರ್ಕಾರ ಸೊಸೆಂದ್ರನ್ನೂ ಪುಕ್ಕಟೆ ಕೊಡಾಕತ್ತೈತೇನವಾ?" ಎಂದು ಅಕ್ಕೋರು ಪಿಸುಗುಟ್ಟಿದಾಗ ನಾವು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದೆವು. ಅಂದಿನಿಂದ ಅದೇ ನಮ್ಮ ಹಾದಿಯ ಆಟವಾಯಿತು. ಮದುವೆ ದಲ್ಲಾಳಿ ಇರಬೇಕೆಂದು ಸಣ್ಣಾಕಿ. ಆ ಡಬ್ಬಿಯಲ್ಲಿ ಬಂಗಾರ ಸಾಗಿಸುತ್ತಾಳೆಂದು ಅಕ್ಕೋರು. ಮೈಮೇಲೆ ದೇವರು ಬರುವ ಹೆಂಗಸಿರಬೇಕು, ಹರಕೆ ಹೊತ್ತು ನಡೆದುಕೊಳ್ಳುವವರನ್ನು ಕರೆದೊಯ್ಯುತ್ತಾಳೆಂದು ನಾನು. ಸಂಜೆಯ ಬಸ್ಸಿನಲ್ಲಿ ಮರಳುವಾಗ ಒಬ್ಬ ಸೊಸೆ ಪೇಢೆ ತಿನ್ನುತ್ತ ನಗುತ್ತಿದ್ದರೆ ಇನ್ನೊಬ್ಬಳು ಕಿಟಕಿಯ ಸರಳಿಗೆ ಹಣೆ ಹಚ್ಚಿ ಕೂತಿರುತ್ತಿದ್ದಳು. ಅದನ್ನು ಕಂಡಮೇಲೆ ದೇವರೇ ಸೈ ಎಂದು ನಾನು ಗೆದ್ದವಳ ಹಾಗೆ ಬೀಗಿದೆ.

ಒಂದು ಶನಿವಾರ ಮೂವರಿಗೂ ಬೇಗ ರಜೆ ಸಿಕ್ಕಿತು. ಸ್ಟ್ಯಾಂಡಿನಲ್ಲಿ ಬಸ್ಸು ಕಾಯುತ್ತಿರುವಾಗ ಮಾವಶಿ ಹೊಸ ಸೊಸೆಯೊಂದಿಗೆ ಇಳಿದು ಗಡಿಯ ಕಡೆ ಹೋಗುವ ಟಂಟಂ ಆಟೋ ಹತ್ತಿದ್ದು ಕಣ್ಣಿಗೆ ಬಿತ್ತು. ಸಣ್ಣಾಕಿಯೇ ಮೊದಲು ಅಂದವಳು. "ನಡೀರಿ ಅಕ್ಕಾ, ಇವತ್ತ ನೋಡೇಬಿಡೂಣು." ನಾವು ಹಿಂದಿನ ಟಂಟಂ ಹತ್ತಿದೆವು. ದಾರಿಯುದ್ದಕ್ಕೂ ಶಾಲೆ ತಪ್ಪಿಸಿದ ಹುಡುಗಿಯರಂತೆ ಕಿಸಿಕಿಸಿ ನಗುತ್ತಿದ್ದೆವು.

ಮುಂದಿನ ಟಂಟಂ ದ್ರಾಕ್ಷಿತೋಟಗಳ ನಡುವೆ ನಿಂತಿತು. ಕಟಾವು ಮುಗಿದು ಒಣದ್ರಾಕ್ಷಿ, ನಮ್ಮ ಕಡೆಯ ಮಾತಿನಲ್ಲಿ ಮನೂಕ, ಮಾಡುವ ದಿನಗಳು. ಉದ್ದನೆಯ ಶೆಡ್ಡುಗಳಲ್ಲಿ ಅಂತಸ್ತು ಅಂತಸ್ತಾಗಿ ಬಲೆ ಕಟ್ಟಿ ಹಣ್ಣು ಹರವಿದ್ದರು. ಹಣ್ಣಿಗೆ ಬಣ್ಣ ಬರಲೆಂದು ಹಾಕುವ ಗಂಧಕದ ಹೊಗೆ ಗಂಟಲಿಗೆ ಹತ್ತುತ್ತಿತ್ತು. ಮಾವಶಿ ಮೊದಲ ಶೆಡ್ಡು ದಾಟಿ, ಎರಡನೆಯದನ್ನೂ ದಾಟಿ, ಹಸಿರು ಬಲೆಯ ಪರದೆ ಎತ್ತಿ ಒಳಗೆ ಹೋದಳು. ಕೆಲಸದ ಆಳುಗಳು ಒಬ್ಬರೂ ಕಾಣಿಸಲಿಲ್ಲ. ನಟ್ಟನಡು ಹಗಲಿನಲ್ಲಿ ಅಂಥ ಶೆಡ್ಡು ಅಷ್ಟು ಸುಮ್ಮನಿರುವುದನ್ನು ನಾನು ನೋಡಿರಲಿಲ್ಲ. ನನಗೆ ಅಲ್ಲಿಂದಲೇ ಹಿಂದಿರುಗಬೇಕೆನ್ನಿಸಿತು.

"ಯಾರರೆ ಕೇಳಿದ್ರ ಮನೂಕ ತಗೊಳ್ಳಾಕ ಬಂದೇವಂತ ಹೇಳೂಣು" ಎಂದು ಅಕ್ಕೋರು ಪರದೆ ಸರಿಸಿದರು.

ಒಳಗೆ ಶೆಡ್ಡಿನ ಗೋಡೆಗೆ ಅಂಟಿಕೊಂಡು ಒಂದು ತಗಡಿನ ಕೋಣೆ. ಅದರ ಮುಂದೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಕುರ್ಚಿಗಳಲ್ಲಿ ಹೆಂಗಸರು ಕೂತಿದ್ದರು. ಬಸ್ಸಿನಲ್ಲಿ ನೋಡಿದ ಕನ್ನಡಕದವಳೂ ಇದ್ದಳು. ಯಾರೂ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ನಮ್ಮ ಕಡೆಯ ಹೆಂಗಸರು ನಾಲ್ವರು ಸೇರಿ ಸುಮ್ಮನೆ ಕೂತದ್ದನ್ನು ಎಲ್ಲಿ ಕಾಣಲು ಸಾಧ್ಯ? ಕೋಣೆಯ ಬಾಗಿಲಿಗೆ ಹಳೆಯ ಸೀರೆ ಇಳಿಬಿಟ್ಟಿದ್ದರು. ಗಾಳಿಗೆ ಅದು ಸರಿದಾಗ ಒಳಗೊಂದು ಮಂಚ, ಮಂಚದ ಮೇಲೆ ಹೊಟ್ಟೆ ಬಿಟ್ಟುಕೊಂಡು ಮಲಗಿದ ಹೆಂಗಸು, ಮಾಸ್ಕ್ ಹಾಕಿದ ಗಂಡಸು, ಸೂಟ್‌ಕೇಸಿನಷ್ಟೇ ಇದ್ದ ಒಂದು ಮಷೀನು ಕಂಡವು. ಮಷೀನಿನ ಬೂದು ಬೆಳಕು ಅವನ ಮುಖದ ಮೇಲೆ ಬಿದ್ದಿತ್ತು.

ಆ ಹೆಂಗಸು ಸೀರೆ ಸರಿಮಾಡಿಕೊಳ್ಳುತ್ತ ಹೊರಬಂದಳು. ಮಾವಶಿ ತನ್ನ ಸ್ಟೀಲಿನ ಡಬ್ಬಿ ತೆಗೆದು ಒಂದು ಪೇಢೆ ಅವಳ ಕೈಗಿಟ್ಟಳು. ಅವಳು ಅಲ್ಲೇ ಮಾವಶಿಯ ಕಾಲು ಮುಟ್ಟಿದಳು. ಆಮೇಲೆ ಒಳಹೋಗಿ ಬಂದ ಇನ್ನೊಬ್ಬಳು ಕೈ ಚಾಚಿ ನಿಂತಳು. ಮಾವಶಿ ಡಬ್ಬಿ ತೆಗೆಯಲಿಲ್ಲ. ಆ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು.

ನಮ್ಮಲ್ಲಿ ಗಂಡು ಹುಟ್ಟಿದರೆ ಪೇಢೆ ಹಂಚುತ್ತಾರೆ, ಹೆಣ್ಣು ಹುಟ್ಟಿದರೆ ಜಿಲೇಬಿ. ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಸಣ್ಣಾಕಿಯ ರಟ್ಟೆ ಹಿಡಿದು ಹಿಂದಕ್ಕೆಳೆದೆ. ಅಷ್ಟರಲ್ಲಿ ಮಾವಶಿ ನಮ್ಮನ್ನು ನೋಡಿದ್ದಳು.

ಆಕೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ. "ಬರ್ರಿ ಬರ್ರಿ, ಎಂಥಾ ಬಿಸಲಾಗ ಬಂದೀರಿ. ಕೂಡ್ರಿ. ನೀರ್ ಕುಡೀರಿ" ಎಂದು ಬೀಗತಿಯರು ಬಂದ ಹಾಗೆ ಉಪಚರಿಸಿದಳು. ಅಕ್ಕೋರು ತೊದಲುತ್ತ ಮನೂಕದ ಮಾತೆತ್ತಿದರು. ಮಾವಶಿ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಆಕೆಯ ಕಣ್ಣು ಅಕ್ಕೋರ ಮೇಲೆ ನಿಲ್ಲಲಿಲ್ಲ, ನನ್ನ ಮೇಲೂ ನಿಲ್ಲಲಿಲ್ಲ, ಸಣ್ಣಾಕಿಯ ಮುಖಕ್ಕೆ ಬಂದು ನಿಂತಿತು. ಮೆಲ್ಲಗೆ ಅವಳ ಕೈ ಹಿಡಿದುಕೊಂಡಳು.

"ಎಷ್ಟನೇದವಾ?"

"ಮೂರನೇದ್ರೀ."

"ಮೊದಲಿನ್ವು ಎರಡೂ ಹೆಣ್ಣ?"

ಸಣ್ಣಾಕಿ ತಲೆಯಾಡಿಸಿದಳು.

"ಯಾವೂರಾತು ನಿಮ್ದು? ಯಾರ ಪೈಕಿ?"

ಈ ಪ್ರಶ್ನೆಯನ್ನು ನಮ್ಮ ಕಡೆ ಬಸ್ಸಿನಲ್ಲಿ, ಸಂತೆಯಲ್ಲಿ, ದವಾಖಾನೆಯಲ್ಲಿ ಯಾರು ಬೇಕಾದರೂ ಕೇಳುತ್ತಾರೆ. ಹಿರಿಯರು ಕೇಳಿದರೆ ಹೇಳಲೇಬೇಕು, ಹೇಳದಿದ್ದರೆ ಸೊಕ್ಕಿನವಳು ಅನ್ನಿಸಿಕೊಳ್ಳಬೇಕು. ನಡೆನುಡಿ ಕಲಿತ ಮನೆಯ ಹುಡುಗಿ ನಮ್ಮ ಸಣ್ಣಾಕಿ. ಊರು ಹೇಳಿದಳು, ಓಣಿ ಹೇಳಿದಳು, ಮಾವನ ಮನೆತನದ ಹೆಸರು ಹೇಳಿದಳು, ಮನೆಯ ಮುಂದೆ ಹುಣಸೆಗಿಡ ಐತಿ ಅಂತ ಗುರುತನ್ನೂ ಹೇಳಿದಳು. ನಾನು ನಡುವೆ ಬಾಯಿ ಹಾಕುವ ಹೊತ್ತಿಗೆ ಎಲ್ಲ ಮುಗಿದಿತ್ತು. "ಗೊತ್ತಾತ್ ಬಿಡವಾ, ನಿಮ್ಮತ್ತೀನ್ನ ನೋಡಿದ್ದೈತಿ" ಅಂದಳು ಮಾವಶಿ.

ಹೊರಗೆ ಬಂದು ರಸ್ತೆ ಮುಟ್ಟಿದೆವು. ಮೊದಲು ಬಾಯಿ ತೆರೆದವರು ಅಕ್ಕೋರು. "ಕಂಡದ್ದನ್ನ ಇಲ್ಲೇ ಬಿಟ್ಟಬಿಡ್ರಿ. ಶೆಡ್ ಯಾರದೈತಿ, ಅವರ ಬೆನ್ನಿಗಿ ಯಾರದಾರ, ನಮಗೇನ್ ಗೊತ್ತು?" ನಾನು ಬೆಂಕಿಯಾಗಿದ್ದೆ. ನಾಳೆಯೇ ದೂರು ಕೊಡುತ್ತೇನೆಂದೆ. ಸಣ್ಣಾಕಿ ಚಪ್ಪಲಿಯ ಮಣ್ಣು ಕೊಡವುತ್ತ ಕೇಳಿದಳು. "ಅಕ್ಕಾ, ಆ ಮಷೀನ್ ತಪ್ಪ ಹೇಳೂದಿಲ್ಲೇನ್ರೀ?"

"ಆ ಕಡೆ ಮತ್ತ ಕಾಲಿಟ್ಟಿ ಅಂದ್ರ ನೋಡು, ನಿನ್ನ ಮುಖಾ ನೋಡೂದಿಲ್ಲ" ಎಂದು ಗದರಿಸಿದೆ. ಅವಳು "ಇಲ್ರೀ, ಸುಮ್ನ ಕೇಳಿದ್ನಿ" ಅಂದಳು. ನಾನು ನಂಬಿದೆ. ನಂಬುವುದು ಸುಲಭವಾಗಿತ್ತು.

ಸೋಮವಾರ ಆರೋಗ್ಯ ಇಲಾಖೆಗೆ ಫೋನ್ ಮಾಡಿದೆ. ಹೆಸರು ಹೇಳಲಿಲ್ಲ, ಜಾಗ ಮಾತ್ರ ಹೇಳಿದೆ. ಕೆಲವು ದಿನಗಳ ಮೇಲೆ ಒಂದು ಜೀಪು ಆ ಕಡೆ ಹೋಗಿಬಂದ ಸುದ್ದಿ ಸೊಸೈಟಿಗೆ ಬಂತು. ಶೆಡ್ಡಿನಲ್ಲಿ ಬಲೆ ತುಂಬ ಒಣದ್ರಾಕ್ಷಿ ಇತ್ತಂತೆ. ತಗಡಿನ ಕೋಣೆಯಲ್ಲಿ ಗೊಬ್ಬರದ ಚೀಲ ಇದ್ದವಂತೆ. ಅದೇ ವಾರ ಸಂಜೆಯ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನ ಗಂಡಸೊಬ್ಬ ಮುಂದೆ ಬಾಗಿ, ಬಹಳ ಮರ್ಯಾದೆಯಿಂದ ಕೇಳಿದ. "ಮೇಡಮ್ಮಾರ, ಅವತ್ತ ನೋಡಿದ ಮನೂಕ ಪಸಂದ ಬರ್ಲಿಲ್ಲೇನ್ರೀ?" ತಿರುಗಿ ನೋಡುವ ಧೈರ್ಯವಾಗಲಿಲ್ಲ. ಜಗಳಗಂಟಿ ಎಂದು ಆಫೀಸಿನಲ್ಲೆಲ್ಲ ಹೆಸರಾದವಳು ನಾನು, ಅಂದು ಊರು ಬರುವವರೆಗೆ ಬ್ಯಾಗನ್ನು ಅವುಚಿಕೊಂಡು ಕೂತಿದ್ದೆ.

ಮಾವಶಿ ಬಸ್ಸಿಗೆ ಬರುವುದು ನಿಂತುಹೋಯಿತು. ಡ್ರೈವರನ ಹಿಂದಿನ ಸೀಟಿನಲ್ಲಿ ಕಾಲೇಜು ಹುಡುಗಿಯರು ಕೂಡತೊಡಗಿದರು. ಅಂತೂ ಓಡಿಸಿದೆವು ಎಂದು ನಾನು ಅಕ್ಕೋರಿಗೆ ಹೇಳಿದೆ. ಸಣ್ಣಾಕಿ ಮೊದಲಿನ ಹಾಗೆಯೇ ಇದ್ದಳು, ಮಾತು ಮಾತ್ರ ಕಡಿಮೆಯಾಗಿತ್ತು. ಬಸುರಿನ ಆಯಾಸ ಅಂದುಕೊಂಡೆವು. ಒಂದು ದಿನ ಅವಳ ಹಳ್ಳಿಯ ಸ್ಟಾಪಿನಲ್ಲಿ ಅವಳಿರಲಿಲ್ಲ. ಮರುದಿನವೂ ಇರಲಿಲ್ಲ. ಫೋನ್ ಮಾಡಿದರೆ ಅತ್ತೆ ಎತ್ತಿದಳು. "ಬಸರ ಜಾರಿತ್ರೀ. ಏನ್ ಮಾಡೂದು, ದೇವರ ಇಚ್ಛಾ" ಅಂದು ಇಟ್ಟುಬಿಟ್ಟಳು.

ನಾವಿಬ್ಬರೂ ರಜೆ ಹಾಕಿ ಅವಳ ಮನೆಗೆ ಹೋದೆವು. ಸಣ್ಣಾಕಿ ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮುಖ ಬಿಳಿಚಿಕೊಂಡು ಗುರುತು ಸಿಗದಂತಾಗಿತ್ತು. ಕಿರಿಯ ಮಗಳು ಅವಳ ತೊಡೆಯ ಮೇಲೆ ನಿದ್ದೆಹೋಗಿತ್ತು. ಅತ್ತೆ ನಮಗೆ ಚಾಪೆ ಹಾಕಿ, ಚಾ ಇಡುತ್ತೇನೆಂದು ಅಡುಗೆಮನೆಗೆ ಹೋದಳು. ಹಿರಿಯ ಮಗಳು ಬಾಗಿಲಲ್ಲಿ ಕೂತು ಶಾಲೆಯ ಅಭ್ಯಾಸ ಬರೆಯುತ್ತಿತ್ತು.

"ಆಕಿ ಮನೀಗೇ ಬಂದಿದ್ಲು" ಎಂದು ಸಣ್ಣಾಕಿ ನಾವು ಕೇಳುವ ಮೊದಲೇ ಹೇಳಿದಳು. "ಹುಣಸೀಗಿಡದ ಗುರುತಿನ ಮ್ಯಾಲೆ ಬಂದ್ಲು. ಅತ್ತಿ ಕೂಡ ಬಾಳ ಹೊತ್ತ ಮಾತಾಡಿದ್ಲು. ಆ ಶೆಡ್ಡಿನ್ಯಾಗ ಈಗ ಆಗೂದಿಲ್ಲ, ಬ್ಯಾರೆ ಕಡೆ ಹೋಗ್ಬೇಕಂದ್ಲು. ಕಾರಿನ್ಯಾಗ ಕರ್ಕೊಂಡ ಹೋದ್ರು. ಯಾವೂರಂತ ನನಗ ಗೊತ್ತಿಲ್ಲ, ಕಿಡಕಿಗೆಲ್ಲಾ ಪಡದೆ ಇತ್ತು. ನೋಡಿದ್ದೂ ಅಲ್ಲೇ, ಮುಗಿಸಿದ್ದೂ ಅಲ್ಲೇ."

"ನನಗೊಂದ್ ಮಾತ ಹೇಳಬಾರದಾಗಿತ್ತಾ?" ಸಿಟ್ಟಿಗೋ ದುಃಖಕ್ಕೋ ನನ್ನ ದನಿ ಏರಿತ್ತು.

"ಹೇಳಿದ್ರ ಏನ್ ಮಾಡ್ತಿದ್ರಿ?"

"ತಡೀತಿದ್ನಿ."

"ತಡದು? ಮೂರನೇದೂ ಹೆಣ್ಣ ಆದ ದಿನಾ ಈ ಮನ್ಯಾಗ ನನ್ನ ಜೊತಿ ನೀವ್ ಇರ್ತಿದ್ರೇನಕ್ಕಾ?" ಅವಳ ಮಾತಿನಲ್ಲಿ ಮುನಿಸಿರಲಿಲ್ಲ. ನಿಜವಾಗಿಯೂ ಉತ್ತರ ಬೇಕಾದವಳ ಹಾಗೆ ನನ್ನ ಮುಖ ನೋಡಿದಳು. ನನಗಿರುವುದು ಒಬ್ಬನೇ ಮಗ. ಅವನು ಹುಟ್ಟಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಏನನ್ನೂ ಕೇಳಲಿಲ್ಲ. ಅಕ್ಕೋರು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಚಾಪೆಯ ಎಳೆ ಕೀಳುತ್ತ ಕೂತೆ.

ಬಾಗಿಲಲ್ಲಿ ಕೂತ ಹುಡುಗಿ ಬರೆಯುವುದನ್ನು ನಿಲ್ಲಿಸಿತ್ತು. ಎಷ್ಟು ಹೊತ್ತಿನಿಂದ ಕೇಳುತ್ತಿತ್ತೋ. ಎದ್ದು ಬಂದು ತಾಯಿಯ ಪಕ್ಕದಲ್ಲಿ ನಿಂತಿತು.

"ಅವ್ವಾ, ನಾ ಹೊಟ್ಟ್ಯಾಗಿದ್ದಾಗ ಆ ಆಯಿ ಬಂದಿರಲಿಲ್ಲೇನು?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಸಣ್ಣಾಕಿ ಮಗಳನ್ನು ಹತ್ತಿರ ಎಳೆದುಕೊಂಡು ಅವಳ ತಲೆಯನ್ನು ತನ್ನ ಕುತ್ತಿಗೆಗೆ ಒತ್ತಿಕೊಂಡಳು.

"ಇಲ್ಲವಾ. ಆಗ ಆಕೀಗೆ ನಮ್ಮನಿ ಗೊತ್ತಿರಲಿಲ್ಲ."