ಹಾಡಿನೊಳಗಿನ ನನ್ನ ನಂಬರ್

ಆ ಭಾನುವಾರ ಮುಂಜಾನೆ, ಮಾನ್ವಿಯ ನಮ್ಮ ಮಾಳಿಗೆಯ ಮೇಲೆ, ನಾನು ರೆಕಾರ್ಡ್ ಮಾಡಲು ಫೋನ್ ಹಿಡಿದು ನಿಂತಿದ್ದೆ. ತಮ್ಮ ಶರಣು ಹಾಡುತ್ತಿದ್ದ. ನಡುವೆ ಪಕ್ಕದ ಮನೆಯ ಕುಕ್ಕರ್ ಕೂಗಿತು. ಬೈದುಕೊಂಡು ಮತ್ತೆ ಮೊದಲಿನಿಂದ ಹಾಡಿದ. ಸಂಜೆ ದೇವದುರ್ಗದಲ್ಲಿ ಕಾರ್ಯಕ್ರಮವಿತ್ತು, ಹೋದ. ಬರುವಾಗ ಬೈಕು ಲಾರಿಗೆ ತಾಗಿತು. ಅದೇ ನಮ್ಮ ಕೊನೆಯ ಸಾದಾ ಮುಂಜಾನೆ.

ಹಾಡುವುದಕ್ಕಿಂತ, ಹಾಡುತ್ತೇನೆಂದು ನಾಲ್ಕು ಜನಕ್ಕೆ ತಿಳಿಸುವುದು ದೊಡ್ಡ ಕೆಲಸ. ರಾಯಚೂರಿನ ಆಟೋಗಳ ಹಿಂದೆ ಅವನ ಸ್ಟಿಕ್ಕರ್ ಇತ್ತು: ‘ಉದಯೋನ್ಮುಖ ಗಾಯಕ’. “ಇನ್ನಾ ಎಷ್ಟು ವರ್ಷ ಉದಯ ಆಗ್ತೀಲೇ?” ಎಂದರೆ, “ಮೋಡ ಅದಾವಕ್ಕಾ” ಎನ್ನುತ್ತಿದ್ದ.

ಹಳೆಯ ಶರಣರು ಪದದ ಕೊನೆಗೆ ದೇವರ ಹೆಸರಿಟ್ಟರು. ನಮ್ಮ ಕಡೆಯ ಈಗಿನ ಹಾಡುಗಾರರು ತಮ್ಮ ಹೆಸರು, ಊರು, ಮೊಬೈಲ್ ನಂಬರ್ ಇಡುತ್ತಾರೆ. ತಪ್ಪೇನಿಲ್ಲ, ಕಾರ್ಯಕ್ರಮ ಗೊತ್ತುಮಾಡಲು ಯಾರೂ ದೇವರಿಗೆ ಫೋನ್ ಮಾಡುವುದಿಲ್ಲ. ಆದರೆ ಶರಣು ಹಾಡಿದ್ದು ನನ್ನ ನಂಬರ್. ಸೊನ್ನೆ ಬಂದಲ್ಲೆಲ್ಲ ಆಲಾಪ ಬೇರೆ.

“ನನ್ನ ನಂಬರ್ ಯಾಕ ಹಾಕಿದ್ಯೋ?”

“ದೊಡ್ಡ ಗಾಯಕರು ತಾವ ಫೋನ್ ಎತ್ತಂಗಿಲ್ಲಕ್ಕಾ. ಮ್ಯಾನೇಜರ್ ಎತ್ತತಾರ.”

ಮ್ಯಾನೇಜರಿಗೆ ಅವನು ಕಲಿಸಿದ ಪಾಠ ಒಂದೇ: ಕೂಡಲೇ ಒಪ್ಪಬಾರದು. ಹಾಗಾಗಿ ನನ್ನ ಹೊಲಿಗೆ ಅಂಗಡಿಯಲ್ಲಿ ಕುಳಿತು, ದನಿ ದಪ್ಪ ಮಾಡಿಕೊಂಡು, “ಅವನ್ನ ಕೇಳಿ ಹೇಳ್ತೀನ್ರಿ” ಎನ್ನುತ್ತಿದ್ದೆ. ಅವನು ಎದುರಿಗೇ ಬ್ಲೌಸುಗಳಿಗೆ ಹುಕ್ಕು ಹಚ್ಚುತ್ತ, ಒಪ್ಪಿಕೋ ಒಪ್ಪಿಕೋ ಎಂದು ಜೋರಾಗಿ ತಲೆ ಆಡಿಸುತ್ತಿದ್ದ.

ಅವನ ಹಾಡು ಈಗಲೂ ಫೋನಿನಿಂದ ಫೋನಿಗೆ ಹೋಗುತ್ತಿದೆ, ನನಗೆ ಕರೆಗಳು ಬರುತ್ತಿವೆ. ನಂಬರ್ ಬದಲಿಸು ಎಂದು ಮನೆಯಲ್ಲಿ ಹೇಳುತ್ತಾರೆ. ಬದಲಿಸಿದರೆ ಹಾಡು ಸುಳ್ಳಾಗುತ್ತದೆ. ಕರೆ ಮಾಡಿದವರಿಗೆಲ್ಲ ಅವನು ಹೋದ ಸುದ್ದಿ ಹೇಳುವುದೂ ರೂಢಿಯಾಗಿದೆ.

ಮೊನ್ನೆ ಮಾತ್ರ ಆಗಲಿಲ್ಲ. ಮಸರಕಲ್‌ನಿಂದ ಒಬ್ಬ ತಾಯಿ, “ಬಸುರಿ ಮಗಳ ಕುಬಸ ಅದ್ರೀ ಯಕ್ಕಾ. ಶರಣು ಅವರದೇ ಹಾಡು ಬೇಕಂತ ಹಟ ಹಿಡ್ದಾಳ. ಬರ್ತಾರೇನ್ರಿ?” ಎಂದಳು. ಫೋನಿನಲ್ಲಿ ಅವಳ ದನಿಯ ಹಿಂದೆ ಆ ಹುಡುಗಿ ಅವನ ಹಾಡು ಗುನುಗುತ್ತಿದ್ದಳು.

“ಅವನ್ನ ಕೇಳಿ ಹೇಳ್ತೀನ್ರಿ” ಎಂದುಬಿಟ್ಟೆ.

ಸಂಜೆ ನಾನೇ ಫೋನ್ ಮಾಡಿ ತಾಯಿಗಷ್ಟೇ ನಿಜ ಹೇಳಿದೆ. ಕುಬಸದ ದಿನ ಫೋನಿನಲ್ಲೇ ಅವನ ಹಾಡು ಹಾಕಿದರಂತೆ, ನನ್ನ ನಂಬರ್ ಸಮೇತ. ಅಂದರೆ ಪ್ರಚಾರ ನಿಂತಿಲ್ಲ. ಮ್ಯಾನೇಜರ್ ಅಂಗಡಿಯಲ್ಲೇ ಇದ್ದಾಳೆ.

ಎದುರಿಗೆ ತಲೆ ಆಡಿಸುವವನು ಇಲ್ಲ.